ಮಣಿಪುರದ ಪರಿಹಾರ ಶಿಬಿರದ ಮಕ್ಕಳಿಗೆ ಇಲ್ಲಿಂದ ಏನು ಕಳಿಸಬಹುದು? ಗೊತ್ತಿದ್ದವರು ಹೇಳಿ

ಶಿವಮೊಗ್ಗ ಟೀಚರ್

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ತೀನಿ. ಹೋದ ವಾರ ಎಂಟನೇ ಕ್ಲಾಸಿನಲ್ಲಿ ಭಾರತದ ನಕ್ಷೆ ತುಂಬಿಸ್ತಾ ಇದ್ದಾಗ ಒಬ್ಬಳು ಹುಡುಗಿ ಎದ್ದು ನಿಂತು, "ಮಿಸ್, ಮಣಿಪುರದಲ್ಲಿ ಮಕ್ಕಳು ಇನ್ನೂ ಕ್ಯಾಂಪಲ್ಲೇ ಇದಾರಂತೆ, ಮನೆಗೆ ಯಾವಾಗ ಹೋಗ್ತಾರೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗಲಭೆ ಶುರುವಾಗಿದ್ದು 2023ರ ಮೇ 3ಕ್ಕೆ. ಮೈತೇಯಿ ಮತ್ತು ಕುಕಿ-ಜೋ ಸಮುದಾಯಗಳ ಆ ಸಂಘರ್ಷದಲ್ಲಿ 250ಕ್ಕೂ ಹೆಚ್ಚು ಜನ ಸತ್ತರು, ಸುಮಾರು 60,000 ಜನ ಮನೆಮಠ ಬಿಟ್ಟು ಓಡಿದರು ಅಂತ ಆಗ ಓದಿದ್ದೆ. ಆಮೇಲೆ ಸುದ್ದಿ ಕಮ್ಮಿಯಾಯ್ತು, ನಾನೂ ಮರೆತಿದ್ದೆ. ಆ ಮಕ್ಕಳಿಗೆ ಇದು ಮೂರನೇ ಚಳಿಗಾಲ.

ನಮ್ಮ ಮಕ್ಕಳು ಈಗಾಗಲೇ ಹಳೇ ಬಟ್ಟೆ, ಆಟದ ಸಾಮಾನು ತಂದು ಸ್ಟಾಫ್ ರೂಮಿನಲ್ಲಿ ಮೂರು ಗೋಣಿಚೀಲ ತುಂಬಿಸಿಟ್ಟಿದ್ದಾರೆ. ಇದನ್ನ ಯಾರಿಗೆ, ಹೇಗೆ ಕಳಿಸಬೇಕು? ಅಲ್ಲಿ ಹೋಗಿ ಬಂದವರು ಇಲ್ಲಿ ಯಾರಾದರೂ ಇದ್ದೀರಾ?

ಮಡಿಕೇರಿ ಹುಡುಗಿ

ಟೀಚರ್, ಬೇಜಾರು ಮಾಡ್ಕೋಬೇಡಿ. ಹಳೇ ಬಟ್ಟೆ ದಯವಿಟ್ಟು ಕಳಿಸಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಾವು ಹನ್ನೆರಡು ದಿನ ಶಿಬಿರದಲ್ಲಿದ್ದೆವು. ಲಾರಿಗಟ್ಟಲೆ ಬಟ್ಟೆ ಬಂತು. ಒಗೆಯದ ಅಂಗಿ, ಜಿಪ್ ಹೋದ ಪ್ಯಾಂಟು, ಒಂಟಿ ಸಾಕ್ಸು. ಮಳೇಲಿ ನೆಂದು ರಾಶಿಯೇ ಮುಗ್ಗಲು ಹಿಡೀತು. ಅದನ್ನ ವಿಂಗಡಿಸೋಕೆ ಹತ್ತು ಜನ ಬೇಕಾಯ್ತು, ಆ ಹತ್ತು ಜನ ಅಡುಗೆ ಮನೇಲಿ ಇರಬೇಕಾದವರು. ನಮ್ಮಮ್ಮ ಆ ರಾಶಿ ಮುಂದೆ ನಿಂತು ನೈಟಿ ಹುಡುಕಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ವಂತ ಬೀರುವಿನಲ್ಲಿ ಒಂದೊಂದು ಸೀರೆಗೂ ಮಡಿಕೆ ಕೂರಿಸಿ ಇಡ್ತಿದ್ದ ಹೆಂಗಸು.

ನಮಗೆ ನಿಜವಾಗಿ ಬೇಕಿದ್ದದ್ದು ಹೊಸ ಒಳಬಟ್ಟೆ, ಪ್ಯಾಡು, ಟಾರ್ಚು. ಅದನ್ನ ಕೇಳೋಕೆ ನಾಚಿಕೆ, ಕೊಡೋರಿಗೂ ಹೊಳೀಲಿಲ್ಲ.

ಪುತ್ತೂರಿನವ

ನಾನು ಎರಡು ಸಲ ಹೋಗಿದ್ದೇನೆ. 2023ರ ನವೆಂಬರ್‌ನಲ್ಲಿ ಇಂಫಾಲ ಕಣಿವೆಯ ಒಂದು ಶಿಬಿರ, ಮರುವರ್ಷ ಫೆಬ್ರವರಿಯಲ್ಲಿ ಬೆಟ್ಟದ ಜಿಲ್ಲೆ ಚುರಾಚಾಂದ್‌ಪುರದ ಕಡೆ. ನಮ್ಮ ಗೆಳೆಯರ ಗುಂಪಿನಿಂದ ಹೋದದ್ದು, ಯಾವ ಪಕ್ಷದ್ದೂ ಅಲ್ಲ.

ಮೊದಲು ಒಂದು ವಿಷಯ ಗೊತ್ತಿರಬೇಕು ಟೀಚರ್. "ಮಣಿಪುರಕ್ಕೆ ಕಳಿಸುವುದು" ಅಂತ ಒಂದು ವಿಳಾಸ ಇಲ್ಲ. ಕಣಿವೆಯಲ್ಲಿ ಮೈತೇಯಿ ಕುಟುಂಬಗಳ ಶಿಬಿರಗಳು, ಬೆಟ್ಟದ ಜಿಲ್ಲೆಗಳಲ್ಲಿ ಕುಕಿ-ಜೋ ಕುಟುಂಬಗಳದ್ದು. ಮಧ್ಯದಲ್ಲಿ ಭದ್ರತಾ ಪಡೆಯವರ ಕಾವಲಿನ ಪಟ್ಟಿ. ಇಂಫಾಲದಿಂದ ಚುರಾಚಾಂದ್‌ಪುರಕ್ಕೆ ಅರವತ್ತು ಕಿಲೋಮೀಟರ್ ಚಿಲ್ಲರೆ ಅಷ್ಟೆ, ಪುತ್ತೂರಿನಿಂದ ಮಂಗಳೂರಿಗೆ ಹೋದ ಹಾಗೆ. ಆದರೆ ವಿಮಾನ ನಿಲ್ದಾಣ, ದೊಡ್ಡ ಸರ್ಕಾರಿ ಆಸ್ಪತ್ರೆಗಳು ಎಲ್ಲ ಇಂಫಾಲದಲ್ಲಿ. ಗಲಭೆ ಆದ ಮೇಲೆ ಬೆಟ್ಟದವರು ಮಿಜೋರಾಂನ ಐಜಾಲ್‌ಗೆ ಹೋಗಬೇಕಾಯಿತು, ಬೆಳಗ್ಗೆ ಹೊರಟರೆ ಇಡೀ ದಿನದ ದಾರಿ, ಕೆಟ್ಟ ರಸ್ತೆ. ಜ್ವರದ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಆ ದಾರಿ ಹೋಗುವುದು ಎಂತ ಅಂತ ಯೋಚಿಸಿ. ಎರಡೂ ಕಡೆಗೆ ಸಾಮಾನು, ಜನ ದಾಟಿಸುತ್ತಿದ್ದದ್ದು ಹೆಚ್ಚಾಗಿ ಪಂಗಾಲ್ ಅನ್ನುವ ಮಣಿಪುರದ ಮುಸ್ಲಿಂ ಸಮುದಾಯದ ಡ್ರೈವರ್‌ಗಳು, ಯಾಕೆಂದರೆ ಅವರು ಆ ಕಡೆಯವರೂ ಅಲ್ಲ, ಈ ಕಡೆಯವರೂ ಅಲ್ಲ. ಹಾಗಾಗಿ ಕಣಿವೆಗೆ ಕಳಿಸುವುದಕ್ಕೆ ಒಂದು ದಾರಿ, ಚುರಾಚಾಂದ್‌ಪುರಕ್ಕೆ ಮಿಜೋರಾಂ ಮೇಲಿಂದ ಇನ್ನೊಂದು ದಾರಿ. ನಾವು ಎರಡೂ ಕಡೆಗೆ ಸಮ ಸಮ ಮಾಡಿದೆವು. ಮಕ್ಕಳ ವಿಷಯದಲ್ಲಿ ನೀವೂ ಹಾಗೇ ಮಾಡಿ ಅಂತ ನನ್ನ ಬೇಡಿಕೆ.

ಇನ್ನು ಸಾಮಾನು. ನಾವು ಬೆಂಗಳೂರಿನಲ್ಲಿ ಒಟ್ಟುಮಾಡಿದ್ದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಸ್ಟೀಲ್ ತಟ್ಟೆ. ನಮ್ಮ ಎಲ್ಲರ ಮನೆ ಅಟ್ಟದಲ್ಲಿ ಇರುತ್ತದಲ್ಲ, ಮದುವೆ ಮುಂಜಿಯಲ್ಲಿ ಬಂದದ್ದು, ಹೆಸರು ಕೊರೆಸಿದ್ದು. ಶಿಬಿರದಲ್ಲಿ ಊಟಕ್ಕೆ ಕೂತಾಗ ಏಳೆಂಟು ವರ್ಷದ ಒಬ್ಬ ಹುಡುಗ ಅನ್ನ ಬದಿಗೆ ಸರಿಸಿ ತಟ್ಟೆ ಅಂಚಿನ ಕನ್ನಡ ಅಕ್ಷರದ ಮೇಲೆ ಬೆರಳು ಆಡಿಸಿ, ಇದು ಯಾವ ಲಿಪಿ, ಏನು ಬರೆದಿದೆ ಅಂತ ಕೇಳಿದ. ನಾನು ಬಗ್ಗಿ ನೋಡಿದೆ. "ಗೃಹಪ್ರವೇಶದ ನೆನಪಿಗಾಗಿ" ಅಂತ ಇತ್ತು, ಕೆಳಗೆ ದಂಪತಿಗಳ ಹೆಸರು, ತಾರೀಕು. ಮನೆ ಸುಟ್ಟುಹೋದ ಹುಡುಗನಿಗೆ ಅದನ್ನು ಓದಿ ಹೇಳಲು ನನಗೆ ಬಾಯಿ ಬರಲಿಲ್ಲ. ನಮ್ಮೂರಿನವರ ಹೆಸರು ಅಂದೆ. ಅವನು ತನ್ನ ಹೆಸರನ್ನೂ ಅದೇ ಲಿಪಿಯಲ್ಲಿ ಬರೆದುಕೊಡಿ ಅಂತ ಕೈ ಚಾಚಿದ, ಅಂಗೈ ಮೇಲೆ ಬರೆದೆ. ಮರುದಿನ ನೋಡಿದರೆ ಹತ್ತು ಮಕ್ಕಳು ಸಾಲು ನಿಂತಿದ್ದರು.

ಧಾರವಾಡ ಕಾಕಾ

ಇದನ್ನ ಓದಿ ಮನಸ್ಸು ಭಾರ ಆತ್ರಿ. ನಮ್ಮ ಮನ್ಯಾಗ ಇಂಥ ತಟ್ಟಿ ನಲವತ್ತು ಅದಾವ. ಎಲ್ಲಿಗೆ ತಂದು ಕೊಡಬೇಕು ಹೇಳ್ರಿ.

ಮಕ್ಕಳ ಡಾಕ್ಟರ್, ಬಳ್ಳಾರಿ

ಪುತ್ತೂರಿನವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹಾಲಿನ ಪುಡಿ ಡಬ್ಬಿ ಕಳಿಸೋಣ ಅಂತ ಯಾರಾದರೂ ಹೇಳೇ ಹೇಳ್ತಾರೆ. ಕಳಿಸಬೇಡಿ. ಶಿಬಿರದಲ್ಲಿ ಕಾಯಿಸಿ ಆರಿಸಿದ ನೀರು, ಬಾಟಲಿ ಕುದಿಸೋಕೆ ಉರುವಲು ಎರಡೂ ಅಪರೂಪ. ಡಬ್ಬಿ ಬಂತು ಅಂದ್ರೆ ತಾಯಿ ಎದೆಹಾಲು ಕಮ್ಮಿ ಮಾಡ್ತಾಳೆ, ಹದಿನೈದು ದಿನದಲ್ಲಿ ಡಬ್ಬಿ ಖಾಲಿ, ಅಷ್ಟೊತ್ತಿಗೆ ಎದೇಲೂ ಹಾಲು ಬತ್ತಿರುತ್ತೆ, ಮಗುಗೆ ಭೇದಿ ಹತ್ತಿರುತ್ತೆ. ಇದಕ್ಕಾಗಿಯೇ ನಮ್ಮಲ್ಲಿ 1992ರ ಕಾಯ್ದೆ ಇದೆ, ಅನಾಥಾಲಯ ಬಿಟ್ಟು ಬೇರೆಲ್ಲೂ ಶಿಶುಗಳ ಹಾಲಿನ ಪುಡಿ ದಾನ ಮಾಡೋ ಹಾಗಿಲ್ಲ. ಬದಲಿಗೆ ಬಾಣಂತಿಗೆ ಊಟ ಕೊಡಿ, ಕೂತು ಹಾಲುಣಿಸೋಕೆ ಒಂದು ಮರೆ ಮಾಡಿಕೊಡಿ.

ಶಿಬಿರಕ್ಕೆ ಅಂತಲೇ ಜಗತ್ತಿನಾದ್ಯಂತ ಒಪ್ಪಿದ ಕನಿಷ್ಠ ಲೆಕ್ಕ ಇದೆ, ಸ್ಫಿಯರ್ ಮಾನದಂಡ ಅಂತಾರೆ. ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 20 ಜನಕ್ಕೆ ಒಂದು ಶೌಚಾಲಯ, ಒಬ್ಬರಿಗೆ ಮೂರೂವರೆ ಚದರ ಮೀಟರ್ ಜಾಗ. ಮೂರೂವರೆ ಚದರ ಮೀಟರ್ ಅಂದ್ರೆ ನಮ್ಮ ಮನೆಯ ಒಂದು ಡಬಲ್ ಕಾಟ್ ಮಂಚದಷ್ಟು. ಅಷ್ಟರಲ್ಲೇ ಮಲಗೋದು, ಬಟ್ಟೆ ಇಡೋದು, ಓದೋದು. ನೀವು ಯಾವ ಸಂಸ್ಥೆಗೆ ಹಣ ಕೊಟ್ಟರೂ ಈ ಮೂರು ಲೆಕ್ಕ ಕೇಳಿ. ಆಮೇಲೆ ದಡಾರ ಲಸಿಕೆ ಹಾಕಿಸಿದ್ದಾರಾ ಕೇಳಿ, ಜನ ಒತ್ತೊತ್ತಾಗಿ ಇರೋ ಕಡೆ ದಡಾರ ಕಾಡ್ಗಿಚ್ಚಿನ ಹಾಗೆ ಹಬ್ಬುತ್ತೆ. ಐದು ವರ್ಷದೊಳಗಿನ ಮಕ್ಕಳ ತೋಳಿನ ಸುತ್ತಳತೆ ತೆಗೀತಾ ಇದ್ದಾರಾ ಅಂತಲೂ ಕೇಳಿ. 11.5 ಸೆಂಟಿಮೀಟರ್‌ಗಿಂತ ಕಮ್ಮಿ ಇದ್ರೆ ಆ ಮಗು ತೀವ್ರ ಅಪೌಷ್ಟಿಕತೇಲಿದೆ ಅಂತ ಅರ್ಥ, ತಡ ಮಾಡೋ ಹಾಗಿಲ್ಲ. ಒಂದು ಬಣ್ಣದ ಟೇಪು ಸಾಕು ಇದಕ್ಕೆ.

ರಾಯಚೂರು ಬಯಲು

ತಪ್ಪು ತಿಳೀಬ್ಯಾಡ್ರಿ. ಅಪೌಷ್ಟಿಕ ಮಕ್ಕಳು ನಮ್ಮ ಜಿಲ್ಲ್ಯಾಗೂ ಅದಾರ, ಸುಗ್ಗಿ ಇಲ್ಲದಾಗ ಗುಳೆ ಹೋದ ಮನಿ ಮಕ್ಕಳ ಸಾಲಿ ಇಲ್ಲೂ ತಪ್ಪತದ. ಮೊದಲು ಇಲ್ಲಿ ನೋಡಬಾರದಾ?

ಶಿವಮೊಗ್ಗ ಟೀಚರ್

ಖಂಡಿತ ಸರ್, ನಿಮ್ಮ ಮಾತು ಸುಳ್ಳಲ್ಲ. ಗುಳೆ ಹೋದವರ ಮಕ್ಕಳ ಬಗ್ಗೆ ನೀವು ಬೇರೆ ಚರ್ಚೆ ತೆರೆದರೆ ನಾನು ಮೊದಲು ಬರ್ತೀನಿ. ಆದರೆ ನನ್ನ ಕ್ಲಾಸಿನ ಹುಡುಗಿ ಕೇಳಿದ್ದು ಮಣಿಪುರದ ಬಗ್ಗೆ. ಅವಳಿಗೆ "ಅದು ನಮಗೆ ದೂರ" ಅಂತ ಉತ್ತರ ಕೊಡೋಕೆ ನನಗೆ ಮನಸ್ಸಾಗ್ಲಿಲ್ಲ.

ತುಮಕೂರು ಅಣ್ಣ

ನನ್ನದೊಂದು ಸಲಹೆ. ಸಿದ್ಧಗಂಗೆಯ ದಾಸೋಹ ನೋಡಿ ಬೆಳೆದ ಊರು ನಮ್ಮದು. ನಮ್ಮ ಪರಿಚಯದ ಒಂದು ಹಾಸ್ಟೆಲ್‌ನಲ್ಲಿ ಇಪ್ಪತ್ತು ಮಕ್ಕಳಿಗೆ ಜಾಗ ಇದೆ. ಅನ್ನ, ವಿದ್ಯೆ, ವಸತಿ ಎಲ್ಲಾ ಉಚಿತ. ಸಾಮಾನು ಕಳಿಸೋದಕ್ಕಿಂತ ಮಕ್ಕಳನ್ನೇ ಇಲ್ಲಿಗೆ ಕರಕೊಂಡು ಬಂದ್ರೆ ಅವರ ಬದುಕೇ ಬದಲಾಗುತ್ತಲ್ವಾ? ಬೈಲಕುಪ್ಪೆಯಲ್ಲಿ ಟಿಬೆಟಿನವರನ್ನ ನಾವೇ ಸಾಕಲಿಲ್ವಾ?

ವಕೀಲೆ, ಹಾಸನ

ಅಣ್ಣಾ, ನಿಮ್ಮ ಮನಸ್ಸು ದೊಡ್ಡದು. ಅದಕ್ಕೇ ಕೂತು ವಿವರವಾಗಿ ಬರೀತೀನಿ, ಈ ಒಂದು ವಿಷಯದಲ್ಲಿ ಒಳ್ಳೆಯವರೇ ಹೆಚ್ಚು ತಪ್ಪು ಮಾಡೋದು.

2010ರಲ್ಲಿ ಮಣಿಪುರ, ಅಸ್ಸಾಂನ ಪುಟ್ಟ ಮಕ್ಕಳನ್ನ ಉಚಿತ ವಿದ್ಯಾಭ್ಯಾಸ ಅಂತ ಹೇಳಿ ತಮಿಳುನಾಡಿನ ನಿಲಯಗಳಿಗೆ ತಂದು, ಅಲ್ಲಿ ಅವರ ಸ್ಥಿತಿ ಬಹಳ ಕೆಟ್ಟದಾಗಿತ್ತು ಅಂತ ಬಯಲಾಯ್ತು. ಅಪ್ಪ ಅಮ್ಮ ನಂಬಿ ಕಳಿಸಿದ್ದರು. ಊರಲ್ಲಿ ಅಶಾಂತಿ, ಇಲ್ಲಿ ಓದಾದರೂ ಆಗಲಿ ಅಂತ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು, 12 ವರ್ಷದೊಳಗಿನ ಅಥವಾ ಪ್ರಾಥಮಿಕ ಹಂತದ ಮಕ್ಕಳನ್ನ ಓದಿನ ಹೆಸರಲ್ಲಿ ಮಣಿಪುರ, ಅಸ್ಸಾಂನಿಂದ ಹೊರರಾಜ್ಯಕ್ಕೆ ಕಳಿಸಬಾರದು ಅಂತ ಆದೇಶ ಮಾಡ್ತು. ಹಾಗಾಗಿ ಇದು ಬರೀ ನನ್ನ ಅಭಿಪ್ರಾಯ ಅಲ್ಲ.

2015ರ ಬಾಲನ್ಯಾಯ ಕಾಯ್ದೆ ಸಶಸ್ತ್ರ ಸಂಘರ್ಷ, ನಾಗರಿಕ ಅಶಾಂತಿಗೆ ಸಿಕ್ಕ ಮಗುವನ್ನ ಪೋಷಣೆ ಮತ್ತು ರಕ್ಷಣೆ ಬೇಕಾದ ಮಗು ಅಂತಲೇ ಕರೆಯುತ್ತೆ. ಅಂಥ ಮಗುವಿನ ಬಗ್ಗೆ ತೀರ್ಮಾನ ಆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮಾಡಬೇಕು, ನಾವು ನೀವಲ್ಲ. ಮಗುವನ್ನ ಸಂಸ್ಥೆಯಲ್ಲಿ ಇಡೋದು ಕಟ್ಟಕಡೆಯ ದಾರಿ ಅಂತ ಅದೇ ಕಾಯ್ದೆ ಹೇಳುತ್ತೆ. ಮೊದಲ ದಾರಿ ಏನು ಅಂದ್ರೆ, ತಾಯಿಯೋ ಅಜ್ಜಿಯೋ ಚಿಕ್ಕಪ್ಪನೋ ಇದ್ದರೆ ಅವರ ಕೈ ಬಲಪಡಿಸೋದು. ಮಿಷನ್ ವಾತ್ಸಲ್ಯ ಅನ್ನೋ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಲ್ಲಿ ಪ್ರಾಯೋಜಕತ್ವ ಅಂತ ಇದೆ, ಮಗುವಿಗೆ ತಿಂಗಳಿಗೆ 4,000 ರೂಪಾಯಿ, ಮಗು ಮನೆಯವರ ಜೊತೆಗೇ ಇರುತ್ತೆ. ತೊಂದರೆ ಎಲ್ಲಿ ಅಂದ್ರೆ, ಅರ್ಜಿಗೆ ಆಧಾರ್ ಬೇಕು, ಬ್ಯಾಂಕ್ ಪಾಸ್‌ಬುಕ್ ಬೇಕು, ಗಂಡ ಸತ್ತಿದ್ದರೆ ಮರಣ ಪತ್ರ ಬೇಕು. ಅವೆಲ್ಲ ಮನೆ ಜೊತೆ ಬೂದಿಯಾಗಿದೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಗೀತಾ ಮಿತ್ತಲ್ ಅವರ ಸಮಿತಿ ಶುರುವಿನಲ್ಲೇ ಎತ್ತಿದ ವಿಷಯಗಳಲ್ಲಿ ಇದೂ ಒಂದು, ಕಳೆದುಹೋದ ಗುರುತಿನ ದಾಖಲೆ ಮತ್ತೆ ಮಾಡಿಸಿಕೊಡೋದು. ಕಾಗದ ತುಂಬಿಸಿಕೊಡೋಕೆ ಶಿಬಿರದಲ್ಲಿ ಕೂರೋ ಒಬ್ಬ ಸ್ಥಳೀಯ ಹುಡುಗಿಯ ಸಂಬಳಕ್ಕೆ ನೀವು ದುಡ್ಡು ಕೊಟ್ಟರೆ, ಎಷ್ಟೋ ತಾಯಂದಿರಿಗೆ ಆ ತಿಂಗಳ ಹಣ ಶುರುವಾಗುತ್ತೆ.

ಬೈಲಕುಪ್ಪೆ ಬೇರೆ ಕಥೆ. ಆಗಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಜಮೀನು ಕೊಡ್ತು, ಬಂದಿದ್ದು ಸಂಸಾರಗಳು. ಅವರ ಭಾಷೆ, ಮಠ, ಹಬ್ಬ ಎಲ್ಲ ಜೊತೆಗೆ ಬಂತು. ನಾವು ಮಕ್ಕಳನ್ನಷ್ಟೇ ಎತ್ತಿಕೊಂಡು ಬರಲಿಲ್ಲ.

ತುಮಕೂರು ಅಣ್ಣ

2010ರ ಆದೇಶ ನನಗೆ ತಿಳಿದಿರಲಿಲ್ಲಮ್ಮ. ಮಾತು ವಾಪಸ್ ತಗೋತೀನಿ. ಆದರೆ ಒಂದು ಕೇಳ್ತೀನಿ, ಪಿಯುಸಿ, ಡಿಗ್ರಿ ಓದೋ ದೊಡ್ಡ ಮಕ್ಕಳು? ಅವರು ತಾವೇ ಬರ್ತಾರಲ್ಲ?

ಕೊತ್ತನೂರಿನ ಅಕ್ಕ

ಬರ್ತಾರೆ, ಬಂದಿದ್ದಾರೆ. ಬೆಂಗಳೂರಿನ ನಮ್ಮ ಕೊತ್ತನೂರು, ಹೆಣ್ಣೂರು ಕಡೆ ಈಶಾನ್ಯದವರು ಮೊದಲಿಂದಲೂ ಇದ್ದಾರಲ್ಲ, ನೆಂಟರು ಇದ್ದ ಕಡೆಗೇ ಬಂದ್ರು. ನಮ್ಮ ಮಹಡಿ ಮನೆಗೆ 2023ರ ಜೂನ್‌ನಲ್ಲಿ ಒಂದು ಸಂಸಾರ ಬಂತು. ಗಂಡ ಹೆಂಡತಿ, ಪಿಯುಸಿ ಓದ್ತಿದ್ದ ಮಗ, ಆರು ವರ್ಷದ ಮಗಳು. ಎರಡು ಬ್ಯಾಗು, ಒಂದು ಗಿಟಾರು. ಅಷ್ಟೇ ಆಸ್ತಿ.

ಹತ್ತು ತಿಂಗಳ ಅಡ್ವಾನ್ಸ್ ಕೇಳೋಕೆ ನಮ್ಮೆಜಮಾನರಿಗೆ ಬಾಯಿ ಬರಲಿಲ್ಲ, ಬಾಡಿಗೆ ಮಾತ್ರ ಕೊಡಿ ಅಂದ್ರು. ಬೆಂಗಳೂರಲ್ಲಿ ಮನೆ ಬಾಡಿಗೆಗೆ ಕೊಡೋರಿಗೆ ಇದೊಂದು ದೊಡ್ಡ ಸಹಾಯ, ಯಾವ ಟ್ರಸ್ಟೂ ಬೇಕಿಲ್ಲ. ಚಿಕ್ಕವಳನ್ನ ಸೇರಿಸೋಕೆ ಹೋದ್ರೆ ಒಂದು ಶಾಲೇಲಿ ಟಿ.ಸಿ. ತನ್ನಿ, ಜನನ ಪತ್ರ ತನ್ನಿ ಅಂತ ಮೂರು ಸಲ ವಾಪಸ್ ಕಳಿಸಿದ್ರು. ಓದಿದ ಶಾಲೆಯೇ ಸುಟ್ಟುಹೋಗಿದೆ ಅಂತ ಆ ತಾಯಿ ಹರುಕು ಮುರುಕು ಹಿಂದಿಯಲ್ಲಿ ಹೇಳ್ತಾನೇ ಇದ್ರು. ಕೊನೆಗೆ ನಾನೇ ಜೊತೆಗೆ ಹೋದೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಟಿ.ಸಿ. ತಡ ಆಯ್ತು ಅಂತ, ವಯಸ್ಸಿನ ದಾಖಲೆ ಇಲ್ಲ ಅಂತ ಮಗುವಿನ ಪ್ರವೇಶ ನಿಲ್ಲಿಸೋ ಹಾಗಿಲ್ಲ. ಆ ಕಲಮುಗಳ ಪ್ರಿಂಟ್ ತೆಗೆದು ಟೇಬಲ್ ಮೇಲೆ ಇಟ್ಟೆ. ಮಾರನೇ ದಿನ ಸೇರಿಸಿಕೊಂಡ್ರು. ಈಗ ಅವಳು ನಮ್ಮನೆ ಮೆಟ್ಟಿಲ ಮೇಲೆ ಕೂತು ಒತ್ತಕ್ಷರ ತಿದ್ದುತ್ತಾಳೆ. "ಆಂಟಿ, ಒತ್ತು ಯಾಕೆ ಕೆಳಗೇ ಬರತ್ತೆ?" ಅಂತ ಕೇಳ್ತಾಳೆ.

ಮಗ ಮಾತ್ರ ಒಂದು ವರ್ಷ ಓದು ಬಿಟ್ಟು ಹೋಟೆಲಿನಲ್ಲಿ ಕೆಲಸ ಮಾಡ್ದ. ತುಮಕೂರು ಅಣ್ಣಾ, ನಿಮ್ಮ ಹಾಸ್ಟೆಲ್ ಅಂಥ ಹುಡುಗರಿಗೆ ಬಾಗಿಲು ತೆಗೆದರೆ ನಿಜಕ್ಕೂ ಪುಣ್ಯದ ಕೆಲಸ. ಬೆಂಗಳೂರಲ್ಲೇ ಇರೋರು ಇದ್ದಾರೆ, ಯಾರನ್ನೂ ಅಲ್ಲಿಂದ ತರೋದು ಬೇಡ.

ನಿವೃತ್ತ ಆಪ್ತಸಮಾಲೋಚಕಿ

ನಾನು ನಿಮ್ಹಾನ್ಸ್‌ನಲ್ಲಿ ತರಬೇತಿ ಪಡೆದು, ಸುನಾಮಿ ಆದಮೇಲೆ ನಾಗಪಟ್ಟಣದ ಶಿಬಿರಗಳಲ್ಲಿ ಕೆಲಸ ಮಾಡಿದವಳು. ಭೋಪಾಲ್‌ನ ಅನಿಲ ದುರಂತದ ಕಾಲದಿಂದಲೂ ನಿಮ್ಹಾನ್ಸ್ ಇಂಥ ಕೆಲಸಕ್ಕೆ ಜನರನ್ನ ತಯಾರು ಮಾಡ್ತಾ ಬಂದಿದೆ. ಮೇಷ್ಟರುಗಳೂ ಕಾರ್ಯಕರ್ತರೂ ಇಲ್ಲಿ ಇರೋದರಿಂದ ಒಂದೆರಡು ಮಾತು.

ಮಗು ಹತ್ತಿರ "ಅವತ್ತು ಏನಾಯ್ತು? ಯಾರು ಬೆಂಕಿ ಹಚ್ಚಿದ್ರು? ಅಪ್ಪನ್ನ ಯಾರು ಹೊಡೆದ್ರು?" ಅಂತ ಯಾವತ್ತೂ ಕೇಳಬೇಡಿ. ಹೋದವರೆಲ್ಲ ಕೇಳ್ತಾರೆ. ಒಂದು ಮಗು ಒಂದೇ ವಾರದಲ್ಲಿ ಐದು ಜನಕ್ಕೆ ಅದೇ ಕಥೆ ಹೇಳಿದ್ದನ್ನ ನಾನು ನೋಡಿದ್ದೀನಿ, ಐದನೇ ಸಲ ಪಾಠ ಒಪ್ಪಿಸೋ ಧ್ವನಿಯಲ್ಲಿ ಹೇಳ್ತು, ಆ ರಾತ್ರಿ ಪೂರ್ತಿ ನಿದ್ದೆ ಮಾಡಲಿಲ್ಲ. ಅದು ತಾನಾಗಿ ಹೇಳಿದ್ರೆ ಕೂತು ಕೇಳಿ. ನಡುವೆ ಬಾಯಿ ಹಾಕಬೇಡಿ, "ಅಳಬೇಡ, ಧೈರ್ಯವಾಗಿರು" ಅಂತಲೂ ಅನ್ನಬೇಡಿ.

ದೊಡ್ಡ ಮಗು ಮತ್ತೆ ಹಾಸಿಗೆ ಒದ್ದೆ ಮಾಡುತ್ತೆ. ತಾಯಿ ಸೆರಗು ಬಿಡೋದಿಲ್ಲ. ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರುತ್ತೆ. ಇದು ಹುಚ್ಚಲ್ಲ, ಹಠವಲ್ಲ. ಬಹುಪಾಲು ಮಕ್ಕಳು ಸರಿಹೋಗ್ತಾರೆ, ಅದಕ್ಕೆ ಬೇಕಾಗಿರೋದು ದಿನಾ ಒಂದೇ ಹೊತ್ತಿಗೆ ಒಂದೇ ಥರ ನಡೆಯೋ ಏನಾದ್ರೂ. ನಾಗಪಟ್ಟಣದಲ್ಲಿ ನಾವು ಮಾಡಿದ್ದು ಇಷ್ಟೇ: ನಾಲ್ಕು ಗಂಟೆಗೆ ಸರಿಯಾಗಿ ಚಾಪೆ ಹಾಸೋದು, ಒಂದೇ ಹಾಡಿನಿಂದ ಶುರು, ಆಟ, ಬಿಸ್ಕತ್ತು, ಅದೇ ಹಾಡಿನಿಂದ ಮುಗಿಸೋದು. ಮೊದಲ ವಾರ ಮಕ್ಕಳು ದೂರ ನಿಂತು ನೋಡಿದ್ರು. ಮೂರನೇ ವಾರ ನಾಲ್ಕಕ್ಕೆ ಮುಂಚೆ ಚಾಪೆಯನ್ನ ತಾವೇ ಹಾಸಿಟ್ಟಿರೋರು.

ತಾಯಿಗೂ ಅದೇ ಹೊತ್ತಿಗೆ ಅರ್ಧ ಗಂಟೆ ಬಿಡುವು ಸಿಗುತ್ತೆ, ಅದನ್ನ ಮರೀಬೇಡಿ. ಫೋಟೋ ತೆಗೆದು ಹಾಕೋ ಚಾಳಿ ಮಾತ್ರ ಖಂಡಿತ ಬೇಡ. ಬೆಂಗಳೂರಿಗೆ ಬಂದಿರೋ ಹುಡುಗರಲ್ಲಿ ಯಾರಿಗಾದ್ರೂ ಮನಸ್ಸಿಗೆ ತೀರಾ ಕಷ್ಟ ಆದ್ರೆ 14416ಕ್ಕೆ ಫೋನ್ ಮಾಡಿಸಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ.

ನ್ಯೂಜೆರ್ಸಿ ಕನ್ನಡಿಗ

ಇಲ್ಲಿ ನಾವು ನಾಲ್ಕೈದು ಮನೆಯವರು ಸೇರಿ ಹಣ ಕೂಡಿಸಬಹುದು. ನೇರವಾಗಿ ಅಲ್ಲಿನ ಸಣ್ಣ ಸಂಸ್ಥೆ ಖಾತೆಗೆ ಹಾಕಬಹುದಾ?

ಸಿ.ಎ., ದಾವಣಗೆರೆ

ನಿಮ್ಮ ಪಾಸ್‌ಪೋರ್ಟ್ ಯಾವುದು ಅನ್ನೋದರ ಮೇಲೆ ಹೋಗುತ್ತೆ ಸರ್. ಭಾರತದ ಪಾಸ್‌ಪೋರ್ಟ್ ಇದ್ದು, ನಿಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಲೆಕ್ಕಕ್ಕೆ ಬರಲ್ಲ. ಅಮೆರಿಕದ ಪೌರತ್ವ ತಗೊಂಡು ಒಸಿಐ ಕಾರ್ಡ್ ಇದ್ರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಇರೋ ಸಂಸ್ಥೆ ಮಾತ್ರ ತಗೋಬಹುದು. 2020ರ ತಿದ್ದುಪಡಿ ಆದಮೇಲೆ ಆ ಹಣವನ್ನ ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸೋ ಹಾಗೂ ಇಲ್ಲ. ಶಿಬಿರದ ಹತ್ತಿರ ಇರೋ ಸಣ್ಣ ಸಣ್ಣ ಸಂಘಗಳಿಗೆ ದೊಡ್ಡ ಪೆಟ್ಟು ಬಿದ್ದಿದ್ದು ಇಲ್ಲೇ. ಐದೂ ಮನೆಯವರ ಹಣ ಒಂದೇ ಖಾತೆಗೆ ಹಾಕಿ ಕಳಿಸಬೇಡಿ. ಪಾಪ, ತಗೊಂಡವರು ಆಮೇಲೆ ನೋಟಿಸಿಗೆ ಉತ್ತರ ಕೊಡಬೇಕಾಗುತ್ತೆ.

ಶಿವಮೊಗ್ಗ ಟೀಚರ್

ಎಲ್ಲರ ಮಾತನ್ನೂ ಪ್ರಿಂಟ್ ತೆಗೆದು ಕ್ಲಾಸಿನಲ್ಲಿ ಓದಿದೆ. ಮಕ್ಕಳೇ ತೀರ್ಮಾನ ಮಾಡಿದ್ರು. ಗೋಣಿಚೀಲದ ಬಟ್ಟೆಯಲ್ಲಿ ಚೆನ್ನಾಗಿರೋದನ್ನ ಒಗೆದು ಇಸ್ತ್ರಿ ಮಾಡಿ ಇಲ್ಲೇ ಕಬ್ಬು ಕಡಿಯೋಕೆ ಬಂದಿರೋ ಸಂಸಾರಗಳ ಹತ್ತಿರ ಹೋಗಿ, ಬೇಕಾ ಅಂತ ಕೇಳಿ ಕೊಡ್ತೀವಿ. ರಾಯಚೂರಿನ ಸರ್, ಅದರಲ್ಲಿ ನಿಮ್ಮ ಕಡೆಯವರೂ ಇದ್ದಾರೆ. ಮಣಿಪುರಕ್ಕೆ ಏನು ಬೇಕು ಅಂತ ಪುತ್ತೂರಿನವರು ಶಿಬಿರದವರನ್ನೇ ಫೋನ್ ಮಾಡಿ ಕೇಳಿ ಹೇಳ್ತೀನಿ ಅಂದಿದ್ದಾರೆ. ಇಲ್ಲಿತನಕ 11,640 ರೂಪಾಯಿ ಆಗಿದೆ.

ಮೊದಲು ಪ್ರಶ್ನೆ ಕೇಳಿದ ಹುಡುಗಿ ಪತ್ರ ಬರೀಲಾ ಅಂತ ಕೇಳ್ತಿದ್ದಾಳೆ. ಬರೀಬಹುದಾ ಮೇಡಂ?

ನಿವೃತ್ತ ಆಪ್ತಸಮಾಲೋಚಕಿ

ಬರೀಲಿ ಅಮ್ಮಾ. "ನಿಮ್ಮ ಕಷ್ಟ ಕೇಳಿ ದುಃಖವಾಯ್ತು" ಅಂತ ಬೇಡ. ತನ್ನ ಊರಿನ ಬಗ್ಗೆ ಬರೀಲಿ, ಮಳೆಗಾಲದಲ್ಲಿ ಜೋಗ ಹೇಗಿರುತ್ತೆ ಅಂತ ಚಿತ್ರ ಹಾಕಲಿ. ಉತ್ತರ ಬರಲೇಬೇಕು ಅಂತ ಕಾಯಬಾರದು ಅಂತ ಮಾತ್ರ ಮೊದಲೇ ಹೇಳಿಬಿಡಿ.

ಪುತ್ತೂರಿನವ

ಟೀಚರ್, ಎರಡೂ ಕಡೆಯ ಶಿಬಿರಕ್ಕೆ ಫೋನ್ ಮಾಡಿ ಆಯಿತು. ಒಬ್ಬರಿಗೆ ಇನ್ನೊಬ್ಬರು ಹೇಳಿದ್ದು ಗೊತ್ತಿಲ್ಲ, ಆದರೆ ಕೇಳಿದ್ದು ಹೆಚ್ಚುಕಮ್ಮಿ ಒಂದೇ. ಮಕ್ಕಳಿಗೆ ಹೊಸ ಉಣ್ಣೆ ಟೋಪಿ, ಸಾಕ್ಸು. ಹೆಣ್ಣುಮಕ್ಕಳಿಗೆ ಪ್ಯಾಡು, ಒಳಬಟ್ಟೆ. ಹತ್ತನೇ ಕ್ಲಾಸಿನವರಿಗೆ ಜಾಮಿಟ್ರಿ ಬಾಕ್ಸು, ರಾತ್ರಿ ಓದಲು ಚಾರ್ಜ್ ಆಗುವ ದೀಪ. ಶೌಚಾಲಯದ ದಾರಿಗೆ ಎರಡು ಬಲ್ಬು. ತಟ್ಟೆ ಇನ್ನೂ ಬೇಕಂತೆ, ಧಾರವಾಡದ ಕಾಕಾ, ನಿಮ್ಮ ನಲವತ್ತೂ ಬೇಕು. ಟೋಪಿ, ಸಾಕ್ಸು ಅಲ್ಲಿಯ ಅಂಗಡಿಯಲ್ಲೇ ಸಿಗುತ್ತದೆ, ಅದಕ್ಕೆ ಹಣ ಕಳಿಸಿದರೆ ಸಾಕು. ಅಲ್ಲಿಯ ವ್ಯಾಪಾರಿಗೂ ನಾಲ್ಕು ಕಾಸು.

ಒಂದು ಮಾತ್ರ ನಾವು ಯಾರೂ ಯೋಚಿಸದ್ದು. ದೊಡ್ಡ ಹಾಲ್‌ನಲ್ಲಿ ಒಂದು ಸಂಸಾರಕ್ಕೂ ಇನ್ನೊಂದಕ್ಕೂ ನಡುವೆ ಕಟ್ಟಲು ಬಟ್ಟೆ ಬೇಕಂತೆ. ಈಗ ಇರುವುದು ತೆಳು, ದೀಪ ಹಾಕಿದರೆ ಆಚೆ ಬದಿಗೆ ಕಾಣುತ್ತದೆ, ದೊಡ್ಡ ಹುಡುಗಿಯರಿಗೆ ಬಟ್ಟೆ ಬದಲಿಸಲು ಕಷ್ಟ. ಗಾಢ ಬಣ್ಣದ ದಪ್ಪ ಬೆಡ್‌ಶೀಟ್ ಇದ್ದರೆ ಹಳೆಯದಾದರೂ ಅಡ್ಡಿ ಇಲ್ಲ ಅಂದರು. ಅಂಚಿಗೆ ಹಗ್ಗ ತೂರಿಸುವ ಹಾಗೆ ಮಡಿಸಿ ಹೊಲಿದಿದ್ದರೆ ಒಳ್ಳೆಯದಂತೆ. ಅಳತೆ ಏಳು ಅಡಿ ಎತ್ತರ. ಬುಧವಾರದ ಒಳಗೆ ಬೆಂಗಳೂರಿಗೆ ತಲುಪಿದರೆ ಗುರುವಾರದ ಪಾರ್ಸೆಲ್‌ಗೆ ಸೇರಿಸುತ್ತೇನೆ.

ಮಡಿಕೇರಿ ಹುಡುಗಿ

ನಮ್ಮಮ್ಮ ಹೊಲೀತಾರೆ. ಮನೇಲಿ ಆರು ಇದೆ, ಎಲ್ಲಾ ನೀಲಿ.